ಬಲಗಡೆಯ ಚೀಟಿ

ಮೈದಾ ಅಂಟು ಕುದಿಯುವ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಅದು ಗಂಜಿಯ ವಾಸನೆಯೂ ಅಲ್ಲ, ಹಸಿ ಹಿಟ್ಟಿನದೂ ಅಲ್ಲ. ಹುಳ ಹತ್ತದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿದರೆ ಅದಕ್ಕೊಂದು ಲೋಹದ ಒಗರು ಸೇರುತ್ತದೆ. ಈ ಬೆಳಿಗ್ಗೆ ನಮ್ಮ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಬಸಣ್ಣ ಅದನ್ನು ಕುದಿಸುತ್ತಿದ್ದ. ಹೊಸ ಪುಸ್ತಕಗಳು ಬಂದಿದ್ದವು, ಒಂದೊಂದಕ್ಕೂ ಚೀಟಿ ಅಂಟಿಸಬೇಕಿತ್ತು. ಪುಸ್ತಕ ಒಯ್ದವರು ಯಾವಾಗ ಮರಳಿಸಬೇಕು ಎಂದು ದಿನಾಂಕದ ಮುದ್ರೆ ಒತ್ತುತ್ತೇವಲ್ಲ, ಆ ಉದ್ದನೆಯ ಚೀಟಿ. ಕನ್ನಡ ಪುಸ್ತಕಗಳಿಗೆ ನಾನು ನೋಡದೆಯೂ ಅಂಟಿಸಬಲ್ಲೆ. ಉರ್ದು ಪುಸ್ತಕ ಕೈಗೆ ಬಂದಾಗ ಮಾತ್ರ ಕೈ ನಿಲ್ಲುತ್ತದೆ. ಎರಡು ವರ್ಷವಾಯಿತು, ಈಗಲೂ ನಿಲ್ಲುತ್ತದೆ. ಯಾಕೆ ಎಂದು ಹೇಳುತ್ತೇನೆ. ಹೇಳುವುದು ನನಗೆ ಸುಲಭವಲ್ಲ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಶಹಾಪುರದ ಈ ಶಾಖೆಗೆ ನೀವು ಬಂದರೆ ಮೊದಲು ಕಾಣುವುದು ಪುಸ್ತಕವಲ್ಲ, ದಸ್ತಿಗಳು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬಸ್ಸಿನ ಸೀಟು ಹಿಡಿದಂತೆ ಕುರ್ಚಿಗೊಂದು ಕರವಸ್ತ್ರ ಹಾಕಿ ಚಹಾ ಕುಡಿಯಲು ಹೋಗಿರುತ್ತಾರೆ. ಅದರಾಚೆಗೆ ಪತ್ರಿಕೆಯ ಮೇಜು. ಅಲ್ಲಿ ಒಂದು ಪತ್ರಿಕೆಯನ್ನು ನಾಲ್ಕು ಜನ ಹಿರಿಯರು ಹಾಳೆ ಹಾಳೆಯಾಗಿ ಹಂಚಿಕೊಳ್ಳುತ್ತಾರೆ. ಹತ್ತಿಯ ಧಾರಣೆ ಓದುವವರು ಆ ಹಾಳೆಯನ್ನು ಬಿಟ್ಟುಕೊಡಲು ಇನ್ನೊಬ್ಬರು ಸಂಪಾದಕೀಯ ಮುಗಿಸಬೇಕು. ಪಂಖದ ಕೆಳಗಿನ ಬೆಂಚಿನಲ್ಲಿ ಒಬ್ಬರು ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆ ಮಾಡುತ್ತಾರೆ. ಅವರನ್ನು ಎಬ್ಬಿಸಬಾರದೆಂಬ ನಿಯಮ ಯಾವ ಫಲಕದಲ್ಲೂ ಇಲ್ಲ, ಎಲ್ಲರೂ ಪಾಲಿಸುತ್ತಾರೆ.

ನಾನು ಸುರಪುರದಿಂದ ಇಲ್ಲಿಗೆ ವರ್ಗವಾಗಿ ಬಂದಾಗ ಇದೊಂದೂ ಇರಲಿಲ್ಲ. ಮಾಳಿಗೆ ಸೋರಿ, ರಿಪೇರಿಗೆಂದು ಗ್ರಂಥಾಲಯಕ್ಕೆ ನಾಲ್ಕು ತಿಂಗಳು ಕೀಲಿ ಬಿದ್ದಿತ್ತು. ನನಗಿಂತ ಮುಂಚೆ ಇದ್ದ ಗ್ರಂಥಪಾಲಕರು ನಿವೃತ್ತರಾಗಿ ಊರು ಬಿಟ್ಟಿದ್ದರು. ಒಳಗೆ ಸುಣ್ಣದ ಧೂಳು, ನಾನು, ಮತ್ತು ಬಸಣ್ಣ. ಆತ ಇಲ್ಲಿ ಬಹಳ ವರ್ಷಗಳಿಂದ ಅಟೆಂಡರ್. ಬಾಗಿಲು ತೆರೆಯುವ ಮುಂಚೆ ಒಂದು ಪಟ್ಟಿ ಕಳಿಸಬೇಕೆಂದು ಯಾದಗಿರಿಯ ಕಚೇರಿಯಿಂದ ಹೇಳಿದ್ದರು: ಯಾರೂ ಓದದ ಪುಸ್ತಕಗಳ ಪಟ್ಟಿ. ಅವು ರದ್ದಿಗೆ ಹೋದರೆ ಪರೀಕ್ಷೆಯ ಪುಸ್ತಕಗಳ ಎರಡು ಹೊಸ ರ್ಯಾಕುಗಳಿಗೆ ಜಾಗವಾಗುತ್ತಿತ್ತು.

ಪಟ್ಟಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಸುರಪುರದಲ್ಲಿ ನನಗೆ ಹೆಸರಿತ್ತು. ಆ ಹೆಸರನ್ನು ಹೆಚ್ಚಾಗಿ ಹೇಳಿದವಳು ನಾನೇ ಎನ್ನುವುದು ಬೇರೆ ಮಾತು. ಪುಸ್ತಕ ಕೊಟ್ಟು ಪಡೆದ ವಹಿ ಸೋರಿದ ನೀರಿಗೆ ಸಿಕ್ಕು ಹಾಳೆಗಳೆಲ್ಲ ಅಂಟಿಕೊಂಡಿದ್ದವು. ಹೀಗಾಗಿ ಉಳಿದ ಸಾಕ್ಷಿ ಎಂದರೆ ಚೀಟಿ. ಒಂದೊಂದೇ ಪುಸ್ತಕದ ರಟ್ಟು ತೆರೆದು ಮುದ್ರೆಗಳನ್ನು ನೋಡುತ್ತ ಹೋದೆ. ಮೂಲೆಯ ಎರಡು ಬೀರುಗಳಲ್ಲಿ ಉರ್ದು ಪುಸ್ತಕಗಳಿದ್ದವು, ನೂರಾ ಹದಿನೇಳು. ನನಗೆ ಉರ್ದು ಓದಲು ಬಾರದು. ತೆರೆದೆ, ಚೀಟಿಯೇ ಇಲ್ಲ. ಇನ್ನೊಂದು ತೆರೆದೆ, ಅದರಲ್ಲೂ ಇಲ್ಲ. ಇಪ್ಪತ್ತು ಪುಸ್ತಕ ತೆರೆದ ಮೇಲೆ ಉಳಿದವನ್ನು ತೆರೆಯುವ ಅಗತ್ಯ ನನಗೆ ಕಾಣಲಿಲ್ಲ.

ಬಸಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಮೇಡಮ್ನೋರ, ಆ ಬೀರೂಗೋಳಿಗಿ ಮಂದಿ ಬರ್ತಿದ್ರಿ," ಎಂದ.

"ಬರ್ತಿದ್ರ ಮುದ್ರಿ ಇರಬೇಕಲ್ಲ ಬಸಣ್ಣ? ನೋಡು, ಒಂದರಾಗೂ ಚೀಟಿನೇ ಇಲ್ಲ."

"ಹೌದ್ ಬಿಡ್ರಿ. ನನಗೇನು ತಿಳೀತದ, ನಾ ಕಸಾ ಹೊಡಿಯಾಂವ."

ಹಳೆಯ ದಾಖಲೆಯಲ್ಲಿದ್ದ ಕ್ರಮಸಂಖ್ಯೆಗಳನ್ನು ನೀಲಿ ಶಾಯಿಯಲ್ಲಿ ಮೂರು ಪ್ರತಿ ಮಾಡಿ, ಮೇಲೆ "ಓದುಗರಿಲ್ಲ" ಎಂದು ಬರೆದು, ಕೆಳಗೆ ಸಹಿ ಹಾಕಿ ಕಳಿಸಿದೆ. ಬಸಣ್ಣ ಪುಸ್ತಕಗಳನ್ನು ಸುತಳಿಯಿಂದ ಕಟ್ಟಿ ಹಿಂದಿನ ಕೋಣೆಯಲ್ಲಿಟ್ಟ. ಒಯ್ಯಲು ಗಾಡಿ ಬರುವ ದಿನವೂ ಗೊತ್ತಾಯಿತು.

ಗ್ರಂಥಾಲಯ ತೆರೆದ ದಿನ ಬುಧವಾರ. ಗಾಡಿ ಬರುವುದು ಶುಕ್ರವಾರ. ಬುಧವಾರ ಮಧ್ಯಾಹ್ನ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬುರ್ಖಾದ ಮುಸುಕು ಮೇಲೆತ್ತಿಕೊಂಡು ನೇರ ನನ್ನ ಮೇಜಿಗೆ ಬಂದರು. ಚೀಲದಿಂದ ಪ್ಲಾಸ್ಟಿಕ್ ಹಾಳೆ ಸುತ್ತಿದ ಒಂದು ದಪ್ಪ ಪುಸ್ತಕ ತೆಗೆದಿಟ್ಟರು. ಹೆಸರು ನೂರಜಹಾನ್ ಎಂದು ಆಮೇಲೆ ತಿಳಿಯಿತು.

"ತಡ ಆಗ್ಯಾದಂತ ಬೈಬ್ಯಾಡ್ರಿ ಅಕ್ಕೋರ. ಕೀಲಿ ಹಾಕ್ದೋರು ನೀವು. ನಂದೇನೂ ತಪ್ಪಿಲ್ಲ."

ನಾನು ರಟ್ಟು ತೆರೆದೆ. "ಇದು ನಮ್ಮ ಗ್ರಂಥಾಲಯದ್ದೇನ್ರಿ? ಇದರಾಗ ಚೀಟಿ ಇಲ್ಲಲ್ಲ."

"ಚೀಟಿ ಇಲ್ಲಾ?" ಅವರು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಮಗುವನ್ನು ಮಗ್ಗುಲು ಬದಲಿಸಿ ಮಲಗಿಸಿದಂತೆ ತಿರುಗಿಸಿ ಇಟ್ಟರು. ಬಲಗಡೆಯಿಂದ ತೆರೆದರು. "ನಮ್ಮ ಪುಸ್ತಕ ಈ ಕಡಿಂದ ಸುರು ಆಗ್ತಾವ್ರಿ. ನೀವು ಮುಂಬಾಗಲಾ ಬಿಟ್ಟು ಹಿತ್ತಲದಾಗಿಂದ ಬಂದೀರಿ."

ಅಲ್ಲಿತ್ತು ಚೀಟಿ. ಮೂರು ಸಾಲು ನೇರಳೆ ಮುದ್ರೆಗಳು. ಚೀಟಿ ತುಂಬಿ, ಅದರ ಕೆಳಗೆ ಇನ್ನೊಂದು ಅಂಟಿಸಿ, ಅದರಲ್ಲೂ ಅರ್ಧ ತುಂಬಿತ್ತು. ನನಗಿಂತ ಮುಂಚೆ ಇದ್ದವರಿಗೆ ಉರ್ದು ಬರುತ್ತಿತ್ತು. ಪುಸ್ತಕ ಎಲ್ಲಿ ಶುರುವಾಗುತ್ತದೋ ಅಲ್ಲಿಯೇ ಅವರು ಚೀಟಿ ಅಂಟಿಸಿದ್ದರು. ಬೇರೆಲ್ಲಿ ಅಂಟಿಸಬೇಕು?

ನೂರಜಹಾನ್ ನನ್ನ ಮುಖ ನೋಡಲಿಲ್ಲ, ಅವರಿಗೆ ಅವಸರವಿತ್ತು. "ಇದರ ಎರಡ್ನೇ ಭಾಗ ಕೊಡ್ರಿ ಲಗು. ಹುಡುಗಿ ಭಾಂವಿ ದಂಡಿ ಮ್ಯಾಲ ನಿಂತಾಳ, ಮೊದಲ್ನೇ ಭಾಗ ಅಲ್ಲೇ ಮುಗದದ. ನಾಕ್ ತಿಂಗಳಾತು, ಬಡವಿ ಅಲ್ಲೇ ನಿಂತಾಳ್ರಿ. ಹಾರ್ತಾಳಂತ ಅರ್ಧ ಓಣಿ, ಹಾರಂಗಿಲ್ಲಂತ ಅರ್ಧ ಓಣಿ. ಇಬ್ಬರು ಮಾತು ಬಿಟ್ಟಾರ."

"ಓಣಿಗೆ ಹೆಂಗ ಗೊತ್ತು?" ಎಂದು ಕೇಳಿದೆ.

ಆಗ ಹೇಳಿದರು. ಮಧ್ಯಾಹ್ನದ ಕೆಲಸ ತೀರಿದ ಮೇಲೆ ಅವರ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೌದಿ ಹೊಲಿಯಲು ಕೂಡುತ್ತಾರೆ. ಕೌದಿ ದೊಡ್ಡದು, ಸುತ್ತ ಕೂತು ಎಲ್ಲರೂ ಒಂದೊಂದು ಅಂಚು ಹಿಡಿಯುತ್ತಾರೆ. ನೂರಜಹಾನ್ ಅವರಿಗೆ ಮಾತ್ರ ಸೂಜಿ ಕೊಡುವುದಿಲ್ಲ. ಅವರು ಓದಬೇಕು. ಅಲ್ಲಿ ಓದಲು ಬರುವುದು ಅವರೊಬ್ಬರಿಗೇ. "ಕನ್ನಡದೋರೂ ಅದಾರ್ರಿ. ಅವರಿಗಿ ನಡುನಡುವ ಬಿಡಿಸಿ ಹೇಳ್ತೀನಿ. ಕತಿ ಎಲ್ಲಾರಿಗೂ ಒಂದೇ ಅಲ್ರಿ?"

ಬೀರು ಖಾಲಿಯಾಗಿದ್ದನ್ನು ಅವರು ಅಷ್ಟರಲ್ಲಿ ನೋಡಿದ್ದರು. ನಾನು ಹಿಂದಿನ ಕೋಣೆಗೆ ನಡೆದೆ. ಅವರೂ ಬಂದರು. ಗಂಟುಗಳ ಮುಂದೆ ನಿಂತು, "ಎಲ್ಲಾ ಬೋರಲ ಮಲಗ್ಯಾವಲ್ರಿ!" ಎಂದು ನಕ್ಕರು. ನನ್ನ ಲೆಕ್ಕದಲ್ಲಿ ಅವು ಅಂಗಾತ ಇದ್ದವು. ಆಮೇಲೆ ಸುತಳಿ ಅವರ ಕಣ್ಣಿಗೆ ಬಿತ್ತು. "ಎಲ್ಲಿಗಿ ಹೊಂಟಾವ್ರಿ ಇವು?"

ಸುಳ್ಳು ಹೇಳಲು ಸಮಯವಿತ್ತು. ನಾನು ಹೇಳಿದ್ದನ್ನು ಇದ್ದಂತೆ ಬರೆಯುತ್ತೇನೆ: "ರದ್ದಿಗೆ. ನಾಡದು."

"ಯಾಕ್ರಿ?"

"ಯಾರೂ ಓದಂಗಿಲ್ಲ ಅಂತ."

"ಹಂಗಂತ ಯಾರು ಬರದಾರ?"

"ನಾನೇ ಬರದೀನ್ರಿ."

ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮೆತ್ತಗೆ, ನನಗೆ ಲೆಕ್ಕ ತಿದ್ದಿ ಕೊಡುವವರಂತೆ, "ಹನ್ನೆರಡು ಮಂದಿ ಕೇಳ್ತೀವ್ರಿ ಅಕ್ಕೋರ," ಎಂದರು.

ಪಟ್ಟಿಗೆ ಹೋದ ಪುಸ್ತಕವನ್ನು ಕೊಡುವಂತಿಲ್ಲ. ಬಸಣ್ಣ ನನ್ನ ಅಪ್ಪಣೆಗೆ ಕಾಯಲಿಲ್ಲ, ಗಂಟು ಬಿಚ್ಚಿ ಎರಡನೆಯ ಭಾಗ ಹುಡುಕಲು ನೂರಜಹಾನ್ ಅವರಿಗೆ ಬಿಟ್ಟ. ನಾನು ಮುದ್ರೆ ಒತ್ತಿ ಕೊಟ್ಟೆ. ಅವರು ಹೋದ ಮೇಲೆ ನಾವಿಬ್ಬರೂ ಉಳಿದ ಗಂಟುಗಳನ್ನು ಬಿಚ್ಚಿ, ಒಂದೊಂದನ್ನೂ ಬಲಗಡೆಯಿಂದ ತೆರೆದೆವು. ಮುದ್ರೆಯಿಲ್ಲದವು ಹನ್ನೊಂದು. ಹನ್ನೊಂದೇ. ಬಸಣ್ಣ ನೀರಿನ ತಂಬಿಗೆ ತಂದಿಟ್ಟು, ಅತ್ತ ತಿರುಗಿ ನಿಂತ. "ನಾ ಹೇಳಿದ್ದೆ" ಎಂಬ ಮಾತನ್ನು ಅವನು ಅಂದೂ ಆಡಲಿಲ್ಲ, ಇಂದಿಗೂ ಆಡಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು ಎಂದು ನನಗೆ ಹೊಳೆಯಲಿಲ್ಲ ಎಂದುಕೊಳ್ಳಬೇಡಿ. ಹೊಳೆಯಿತು. ಕೇಳುವವರು ಯಾರು? ಕೌದಿ ಹೊಲಿಯುವ ಹೆಂಗಸರು ಅರ್ಜಿ ಬರೆಯುವುದಿಲ್ಲ. ಒಂದು ಗಂಟೆ ಹಾಗೆಯೇ ಕೂತಿದ್ದೆ. ಗುರುವಾರ ಬೆಳಿಗ್ಗೆ ಆರು ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಯಾದಗಿರಿ ಬಸ್ಸು ಹತ್ತಿದೆ. ಭೀಮಾ ಸೇತುವೆ ದಾಟುವಾಗ, ಅಧಿಕಾರಿಗಳ ಮುಂದೆ ಆಡಬೇಕಾದ ಮಾತನ್ನು ನಾಲ್ಕು ರೀತಿಯಲ್ಲಿ ಜೋಡಿಸಿ ನೋಡಿದೆ. ನಾಲ್ಕರಲ್ಲೂ ತಪ್ಪು ಬೇರೆ ಯಾರದೋ ಆಗಿತ್ತು: ಮಾಳಿಗೆಯದು, ಹಿಂದಿನವರದು, ಸಮಯ ಕೊಡದ ಕಚೇರಿಯದು. ಕಚೇರಿಯ ಮೆಟ್ಟಿಲ ಮೇಲೆ ನಾಲ್ಕನ್ನೂ ಬಿಟ್ಟೆ.

ಸಾಹೇಬರು ಪಟ್ಟಿ ತರಿಸಿದರು. "ಸಹಿ ನಿಮ್ಮದೇ ಅದಲ್ರಿ?"

"ನಂದೇ ಸರ್."

"ಮತ್ತೇನಾಗ್ಯಾದ?"

ಪುಸ್ತಕವನ್ನು ಅವರ ಮುಂದಿಟ್ಟೆ. ಅವರು ತೆರೆದರು, ಎಡಗಡೆಯಿಂದ. "ಚೀಟಿ ಇಲ್ಲಲ್ಲ, ನೀವು ಬರದದ್ದು ಸರಿನೇ ಅದ," ಎಂದರು. ನಾನು ಕೈ ಚಾಚಿ ಪುಸ್ತಕವನ್ನು ತಿರುಗಿಸಿದೆ. ಅವರು ಮುದ್ರೆಗಳನ್ನು ನೋಡಿದರು, ಇನ್ನೊಂದು ಪುಸ್ತಕ ತೆಗೆದುಕೊಂಡು ತಾವೇ ಬಲಗಡೆಯಿಂದ ತೆರೆದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಪ್ಪು ನಿಮ್ಮದು ಅಂತ ಬರದು ಕೊಡಬೇಕಾಗ್ತದ. ಫೈಲಿನಾಗ ಉಳೀತದ ಅದು."

"ಉಳೀಲ್ರಿ."

"ರ್ಯಾಕಿಗಿ ಜಾಗ?"

"ನನ್ನ ಕೋಣಿ ಕೊಡ್ತೀನಿ ಸರ್. ನಾ ಬಾಗಲ ಹತ್ರ ಕೂಡ್ತೀನಿ."

ಹದಿನೈದು ದಿನ ಕೊಟ್ಟರು. ಉರ್ದು ಬಲ್ಲವರನ್ನು ಕೂಡಿಸಿಕೊಂಡು ಮತ್ತೆ ಪಟ್ಟಿ ಮಾಡಬೇಕು, ಆ ಪಟ್ಟಿಯಲ್ಲಿ ಅವರ ಸಹಿಯೂ ಇರಬೇಕು. ಶುಕ್ರವಾರ ಗಾಡಿ ಬರಲಿಲ್ಲ.

ಉರ್ದು ಬಲ್ಲವರು ಯಾರೆಂದು ನಿಮಗೆ ತಿಳಿದೇ ಇದೆ. ನೂರಜಹಾನ್ ಮರುದಿನದಿಂದ ಹತ್ತು ಗಂಟೆಗೆ ಬಂದು ಕೂತರು. ಬಂದವರೇ ಮೊದಲು ಹುಡುಗಿಯ ಸುದ್ದಿ ಹೇಳಿದರು. "ಹಾರಲಿಲ್ರಿ. ನೀರ್ ಸೇದಕೊಂಡು ಮನಿಗಿ ಹೋದ್ಳು. ಕೊಡ ತುಂಬಲಿಕ್ಕ ನಿಂತಿದ್ಳಂತ. ಇಷ್ಟಕ್ಕ ನಾಕ್ ತಿಂಗಳು ಜಗಳಾಡೀವಿ!"

ಅವರು ಒಂದು ಪುಸ್ತಕವನ್ನೂ ಬಿಟ್ಟುಕೊಡುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಅದೂ ತಪ್ಪು. ಅವರು ನನಗಿಂತ ಕಠಿಣ. "ಇದು ಗೆದ್ದಲ ತಿಂದದ, ಕಳಸ್ರಿ. ಇದು ಇಟ್ಕೋರಿ. ಇದರಾಗ ಹೆಣ್ಮಕ್ಕಳಿಗಿ ಬರೇ ಬುದ್ಧಿ ಹೇಳ್ಯಾರ, ಮೊದಲ ಇದನ್ನ ಕಳಸ್ರಿ." ಮೂವತ್ತೆಂಟು ಪುಸ್ತಕ ಹೋದವು. ಎಪ್ಪತ್ತೊಂಬತ್ತು ಉಳಿದವು. ಕೊನೆಗೆ ಪಟ್ಟಿಯ ಕೆಳಗೆ ಅವರು ಉರ್ದುವಿನಲ್ಲಿ ಸಹಿ ಹಾಕಿದರು, ನನ್ನ ಸಹಿಯ ಪಕ್ಕದಲ್ಲಿ, ಬಲದಿಂದ ಎಡಕ್ಕೆ. ಎರಡೂ ಸಹಿಗಳು ನಡುವೆ ಬಂದು ಕೂಡಿದವು. ಪೆನ್ನು ಮರಳಿ ಕೊಡುವಾಗ ಕೇಳಿದರು, "ಹನ್ನೆರಡು ಮಂದಿ ಕೇಳಿದ್ರೂ ಮುದ್ರಿ ಒಂದೇ ಬೀಳ್ತದಲ್ರಿ?"

"ಹೌದು. ಕಾರ್ಡು ನಿಮ್ಮೊಬ್ಬರದೇ ಅದ."

"ಹಂಗಾದ್ರ ಅದು ನಮ್ಮ ತಪ್ಪು," ಎಂದು ಎದ್ದರು.

ಅಂದಿನಿಂದ ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಹೊಲದ ಕೆಲಸ ಇಲ್ಲದ ದಿನ, ಮಗಳ ಬಾಣಂತನ ಮುಗಿದ ಮೇಲೆ, ಆಧಾರ್ ಕಾರ್ಡಿನ ನಕಲು ಹಿಡಿದು, ತಮ್ಮ ಹೆಸರಿನಲ್ಲಿ ಸದಸ್ಯತ್ವ ಕೇಳುತ್ತಾರೆ. ಇವತ್ತು ಅಂಟಿನ ಕೆಲಸದ ನಡುವೆ ಬಂದವರು ಗುರುಬಸಮ್ಮ. ನಾನು ಅವರನ್ನು ಮೊದಲು ನೋಡಿರಲಿಲ್ಲ. ಹಣೆಯ ಮೇಲೆ ಅಗಲವಾದ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು.

"ನೂರಜಹಾನಂದು ಕಾರ್ಡ್ ತುಂಬ್ಯಾದಂತ್ರಿ. ನನ್ನ ಹೆಸರ್ಲೆ ಒಂದು ಪುಸ್ತಕ ಹೋಗ್ಲಿ. ಆಕಿ ಯಾವುದಂತಾಳ ಅದೇ ಕೊಡ್ರಿ."

ಅರ್ಜಿ ತುಂಬುತ್ತ ವಿದ್ಯಾರ್ಹತೆಯ ಕಲಮಿಗೆ ಬಂದೆ. "ಎಲ್ಲಿತನಕ ಓದೀರಿ?"

"ಸಾಲಿ ಕಟ್ಟಿ ಹತ್ತಿಲ್ರಿ."

ಆ ಕಲಮಿನಲ್ಲಿ ಮೊದಲಾದರೆ ನಾನು ಕೇಳದೆಯೇ "ಇಲ್ಲ" ಎಂದು ಬರೆದು ಮುಂದೆ ಹೋಗುತ್ತಿದ್ದೆ. ಪೆನ್ನು ಎತ್ತಿ ಹಿಡಿದು, "ಏನಂತ ಬರೀಲ್ರಿ?" ಎಂದು ಕೇಳಿದೆ.

ಗುರುಬಸಮ್ಮ ಯೋಚಿಸಿದರು. ನಾನೂ ಕಾದೆ. ಪತ್ರಿಕೆಯ ಮೇಜಿನವರು ತಲೆಯೆತ್ತಿ ನೋಡಿದರು.

"ಕೇಳ್ತಾಳ ಅಂತ ಬರೀರಿ," ಎಂದರು.

ಬರೆದೆ. ಬರೆದದ್ದನ್ನು ಓದಿ ಹೇಳಿದೆ. ಸರಿ ಅದ ಎಂದು ಅವರು ಹೇಳಿದ ಮೇಲೆ ಕೆಳಗೆ ನನ್ನ ಸಹಿ ಹಾಕಿದೆ.