ಮೂರು ಸಲ ಕೂಗಿದ ಹೆಸರು

ನಮ್ಮ ಅಕ್ಕನ ಗಂಡನಿಗೆ ದೇವರು ಗಂಟಲು ಕೊಡುವಾಗ ಅಳತೆ ಮರೆತಿರಬೇಕು. ದೊಡ್ಡ ನ್ಯಾಯಾಲಯದಲ್ಲಿ ಮೂವತ್ತು ವರ್ಷ ಭಾವನದು ಒಂದೇ ಕೆಲಸ: ಬಾಗಿಲಲ್ಲಿ ನಿಂತು, ಪಟ್ಟಿ ನೋಡಿ, ಹೆಸರನ್ನು ಮೂರು ಸಲ ಕೂಗುವುದು. ರಸ್ತೆಯಾಚೆ ಚಹಾ ಕುಡಿಯುತ್ತಿದ್ದ ಸಾಕ್ಷಿದಾರರು ಲೋಟ ಅಲ್ಲೇ ಬಿಟ್ಟು ಓಡಿಬರುತ್ತಿದ್ದರು. ಊಟಕ್ಕೆ ಕೂತು "ಉಪ್ಪು" ಎಂದರೆ ಪಕ್ಕದ ಮನೆಯವರು ಉಪ್ಪು ತಂದುಕೊಟ್ಟ ದಿನವೂ ಉಂಟು. ಅಕ್ಕನಿಗೆ ಅಭ್ಯಾಸವಾಗಿದೆ. ನನಗೆ ಇವತ್ತಿಗೂ ಆಗಿಲ್ಲ.

ಆಮೇಲೆ ಆ ನ್ಯಾಯಾಲಯದ ಗೋಡೆಗೆ ಹೆಸರು ತೋರಿಸುವ ಪರದೆ ಬಂತು. ಭಾವನನ್ನು ಎಲ್ಲಿಗಾದರೂ ಸಾಗಹಾಕಬೇಕಲ್ಲ, ನಾನು ಬೆರಳಚ್ಚುಗಾರ್ತಿಯಾಗಿರುವ ಮಕ್ಕಳ ನ್ಯಾಯಮಂಡಳಿಗೇ ಹಾಕಿದರು. ನನ್ನ ಗ್ರಹಚಾರ! ಹದಿನೆಂಟು ತುಂಬದವರು ಏನಾದರೂ ಎಡವಟ್ಟು ಮಾಡಿಕೊಂಡರೆ ಬರುವ ಜಾಗ ಇದು. ಕಟಕಟೆ ಇಲ್ಲ, ಕಪ್ಪು ಕೋಟು ಇಲ್ಲ. ಒಂದು ಉದ್ದನೆಯ ಮೇಜು, ಆಚೆ ನ್ಯಾಯಾಧೀಶೆ, ಈಚೆ ಮಗು, ಪಕ್ಕದಲ್ಲಿ ಅಪ್ಪನೋ ಅಮ್ಮನೋ. ನಾನು ಮರೆತು 'ಆರೋಪಿ' ಎಂದು ಟೈಪ್ ಮಾಡಿದರೆ ಮೇಡಂ ಹಾಳೆಯನ್ನೇ ವಾಪಸ್ ಕಳಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಮಗುವಿನ ಹೆಸರು ಆ ಕೋಣೆಯಿಂದ ಆಚೆ ಹೋಗಬಾರದು.

"ಇಲ್ಲಿ ಹೆಸರು ಕೂಗೋ ಹಾಗಿಲ್ಲ," ಎಂದರು ಮೇಡಂ ಮೊದಲ ದಿನವೇ.

"ಮತ್ತೆ ನಾನ್ಯಾಕೆ ಬಂದೆ?" ಎಂದರು ಭಾವ.

"ಹತ್ತಿರ ಹೋಗಿ ಮೆಲ್ಲಗೆ ಕರೀರಿ."

ಭಾವ ಮೆಲ್ಲಗೆ ಕರೆದರು. ಮೂರನೇ ಮಹಡಿಯಲ್ಲಿ ಯಾರೋ ಕಿಟಕಿ ತೆರೆದು ಇಣುಕಿದರು. ನಾನು ತಲೆ ಚಚ್ಚಿಕೊಂಡೆ.

ಆದರೆ ಉಪಾಯ ಹುಡುಕಿದವರೂ ಅವರೇ, ಅದಕ್ಕೆ ಭೇಷ್ ಅನ್ನಲೇಬೇಕು. ಬೆಳಿಗ್ಗೆ ಬೆಂಚಿನ ಮೇಲೆ ಮುದುಡಿ ಕೂತ ಮಕ್ಕಳ ಪಕ್ಕ ತಾವೂ ಕೂತು, "ನಿನ್ನನ್ನ ಏನಂತ ಕರೀಲಿ? ನೀನೇ ಹೇಳಪ್ಪಾ," ಎಂದು ಕೇಳತೊಡಗಿದರು. ಒಬ್ಬ ಪೈಲಟ್ ಆದ, ಇನ್ನೊಬ್ಬಳು ಹುಲಿ. ಮೊಬೈಲ್ ಕದ್ದ ಹನ್ನೆರಡರ ಪೋರನೊಬ್ಬ ಡಾಕ್ಟರ್ ಆದ. "ಡಾಕ್ಟರ್ ಬರಬೇಕು!" ಎಂದು ಭಾವ ಕೂಗಿದಾಗ ಅವನು ಅಂಗಿ ಸರಿಮಾಡಿಕೊಂಡು ಎದ್ದ ಗತ್ತನ್ನು ನೋಡಬೇಕಿತ್ತು. ಒಬ್ಬ ತನ್ನನ್ನು 'ಜಡ್ಜ್' ಎಂದು ಕರೆಯಲು ಹೇಳಿ, ಒಳಗೆ ಕೂತಿದ್ದ ಮೇಡಂ ಎದ್ದು ಹೊರಗೆ ಬಂದದ್ದೂ ಆಯಿತು. ಅವತ್ತು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಹೀಗಿರುವಾಗ ಆ ಹದಿನಾರರ ಹುಡುಗಿ ಬಂದಳು. ನೆರೆಮನೆಯವರ ಸ್ಕೂಟರನ್ನು ಕೇಳದೆ ಒಯ್ದು, ಬ್ರೇಕ್ ಯಾವುದೆಂದು ತಿಳಿಯುವಷ್ಟರಲ್ಲಿ ಕ್ಷೌರದ ಅಂಗಡಿಯ ಬಾಗಿಲಿಗೆ ಗುದ್ದಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ, ಒಳಗೆ ಕೂತಿದ್ದ ಗಿರಾಕಿಯ ಅರ್ಧ ಮೀಸೆ ಮಾತ್ರ ಹೋಯಿತು. ಮೇಡಂ ಎಲ್ಲ ಮಕ್ಕಳನ್ನೂ ಕೇಳುವ ಹಾಗೆ ಅವಳನ್ನೂ ಕೇಳಿದರು: "ಏನು ಮಾಡಿದ್ರೆ ಇದು ಸರಿಹೋಗುತ್ತೆ? ನೀನೇ ಹೇಳು." ಒಂದು ತಿಂಗಳು ಆ ಅಂಗಡಿಯ ಕಸ ಗುಡಿಸುತ್ತೇನೆ ಎಂದಳು, ಗುಡಿಸಿದಳು ಕೂಡ. ಉಳಿದದ್ದು ಕೊನೆಯ ಹಾಜರಿ ಒಂದೇ.

ಅವಳ ಜೀವವೆಲ್ಲ ಇನ್ನೊಂದು ಕಡೆ ಇತ್ತು. ಆಸ್ಪತ್ರೆಯ ಪ್ರಯೋಗಾಲಯದ ತರಬೇತಿ ಶಾಲೆಗೆ ಅರ್ಜಿ ಹಾಕಿದ್ದಳು, ಸೋಮವಾರ ಸಂದರ್ಶನ. ಅಲ್ಲಿನ ಪ್ರಾಂಶುಪಾಲೆ ಬಲು ಕಟ್ಟುನಿಟ್ಟು, ಇದು ಗೊತ್ತಾದರೆ ಸೀಟು ಕೈತಪ್ಪಿದಂತೆ.

"ನಂಗೆ ಯಾವ ಹೆಸರೂ ಬೇಡ ಅಂಕಲ್," ಎಂದಳು.

"ಆಯ್ತು ಕಂದಾ. ಹತ್ತಿರ ಬಂದು ಕೆಮ್ತೀನಿ. ಎದ್ದು ಬಾ."

ಆ ಕೊನೆಯ ಹಾಜರಿಯ ದಿನವೇ ದೊಡ್ಡ ನ್ಯಾಯಾಲಯದ ಪರದೆ ಕೆಟ್ಟಿತು. ಅರ್ಧ ದಿನಕ್ಕೆಂದು ಭಾವನನ್ನು ಕರೆಸಿಕೊಂಡರು. ಎಷ್ಟೋ ತಿಂಗಳ ಮೇಲೆ ಗಂಟಲು ಬಿಚ್ಚಿ ಎಪ್ಪತ್ತು ಹೆಸರು ಕೂಗಿ, ಮದುಮಗನಂತೆ ಹಿಗ್ಗಿ ಮಧ್ಯಾಹ್ನ ವಾಪಸ್ ಬಂದರು. ಬಂದವರೇ ಪಟ್ಟಿ ತೆಗೆದುಕೊಂಡು, ಬಾಗಿಲಲ್ಲಿ ನಿಂತು, ಆ ಹುಡುಗಿಯ ಹೆಸರನ್ನು ಅಪ್ಪನ ಹೆಸರಿನ ಸಮೇತ ಮೂರು ಸಲ ಕೂಗಿಬಿಟ್ಟರು.

ಮೂರನೆಯದು ಮುಗಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಏನು ಪ್ರಯೋಜನ? ನಮ್ಮ ಪಡಸಾಲೆಯನ್ನೇ ಎದುರಿನ ನೋಂದಣಿ ಕಚೇರಿಯವರೂ ಬಳಸುತ್ತಾರೆ. ಅಲ್ಲಿನ ಬೆಂಚಿನ ಮೇಲೆ, ಶಾಲೆಯ ಕಟ್ಟಡದ ಕಾಗದಕ್ಕೆಂದು ಬಂದ ಅದೇ ಪ್ರಾಂಶುಪಾಲೆ, ತೊಡೆಯ ಮೇಲೆ ಸೋಮವಾರದ ಪಟ್ಟಿ ಇಟ್ಟುಕೊಂಡು ಗುರುತು ಹಾಕುತ್ತಿದ್ದರು. ಅವರ ಪೆನ್ನು ನಿಂತಿತು. ಹುಡುಗಿ ಚೀಲವನ್ನು ಮುಖಕ್ಕೆ ಅಡ್ಡ ಹಿಡಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ಏನ್ ಭಾವ ಇದು! ಬಾಯಿಗೆ ಬೀಗ ಹಾಕ್ಕೊಳ್ಳೋಕಾಗಲ್ವಾ? ಮಗು ಬಾಳು ಹಾಳು ಮಾಡಿದ್ರಲ್ಲ!"

ಭಾವ ತಲೆ ತಗ್ಗಿಸಿದರು. ಬೈದದ್ದಕ್ಕೆ ನನಗೇ ಪಿಚ್ಚೆನಿಸಿತು. ಅವರು ಹುಡುಗಿಯನ್ನೂ ಅವಳ ಅಮ್ಮನನ್ನೂ ಒಳಗೆ ಕರೆದುಕೊಂಡು ಬಂದು, ಮೇಜಿನ ಈಚೆ, ಮಕ್ಕಳು ನಿಲ್ಲುವ ಜಾಗದಲ್ಲೇ ಕೈಕಟ್ಟಿ ನಿಂತರು.

"ತಪ್ಪು ನಂದು ಮೇಡಂ. ಶಿಕ್ಷೆ ಕೊಡಿ."

ಮೇಡಂ ಕನ್ನಡಕ ತೆಗೆದು ಅವರನ್ನು ನೋಡಿದರು. "ಶಿಕ್ಷೆಯಿಂದ ಅವಳಿಗೇನು ಬಂತು? ಏನು ಮಾಡಿದ್ರೆ ಇದು ಸರಿಹೋಗುತ್ತೆ? ನೀವೇ ಹೇಳಿ."

ಐವತ್ತೆಂಟರ ಮನುಷ್ಯ ಹುಡುಗಿಯ ಕಡೆ ತಿರುಗಿದರು. ಹುಡುಗಿಯೇ ಕಣ್ಣೊರೆಸಿಕೊಂಡು, "ಅವರೇ ಹೋಗಿ ಆ ಪ್ರಿನ್ಸಿಪಾಲ್ ಮೇಡಂ ಹತ್ರ ಮಾತಾಡಲಿ. ನಂಗೆ ಹೋಗೋಕೆ ಭಯ," ಎಂದಳು.

ಭಾವ ಹೋದರು. ನಾನು ಬಾಗಿಲ ಸಂದಿಗೆ ಕಣ್ಣು, ಕಿವಿ ಎರಡನ್ನೂ ಇಟ್ಟೆ, ಸುಳ್ಳು ಯಾಕೆ ಹೇಳಲಿ.

"ಅಮ್ಮಾ, ಈಗ ನಾನೊಂದು ಹೆಸರು ಕೂಗಿದೆ. ಕೂಗಬಾರದಿತ್ತು. ಆ ಮಗು ಏನು ಮಾಡಿತು ಅಂತ ನಾನು ಹೇಳೋ ಹಾಗಿಲ್ಲ, ನೀವು ಕೇಳೋ ಹಾಗಿಲ್ಲ. ನನ್ನ ತಪ್ಪು ಎಷ್ಟು ಬೇಕಾದ್ರೂ ಕೇಳಿ, ಕೂತು ಹೇಳ್ತೀನಿ. ಆ ಮಗುಗೆ ಮಾತ್ರ ಅನ್ಯಾಯ ಮಾಡಬೇಡಿ."

ಪ್ರಾಂಶುಪಾಲೆ ಪಟ್ಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಮುಖದಲ್ಲಿ ಒಂದು ಗೆರೆಯೂ ಸಡಿಲವಾಗಲಿಲ್ಲ.

"ಕೂಗಿದ್ರಾ? ನೀವಾ?" ಎಂದರು. "ನಂಗೇನೂ ಕೇಳಿಸಲಿಲ್ಲಪ್ಪ. ನಿಮ್ಮ ದನಿ ತುಂಬಾ ಸಣ್ಣದು."

ಭಾವ ಒಳಗೆ ಬಂದಾಗ ಅವರ ಕಣ್ಣಲ್ಲಿ ನೀರು ದಳದಳ ಸುರಿಯುತ್ತಿತ್ತು. ಹುಡುಗಿ, ಅವಳ ಅಮ್ಮ, ಮೇಡಂ, ನಾನು, ಎಲ್ಲರೂ ಅವರ ಬಾಯಿಯನ್ನೇ ನೋಡುತ್ತ ನಿಂತಿದ್ದೆವು. ಅವರು ಹುಡುಗಿಯ ಎರಡೂ ಕೈ ಹಿಡಿದುಕೊಂಡು, ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದರು:

"ಕೇಳಿಸಲೇ ಇಲ್ಲವಂತೆ ಕಣಮ್ಮಾ!"