ಮೊದಲ ಪಿರಿಯಡ್ಡಿನ ಕನಸುಗಳು

ನಮ್ಮ ಸೀಮೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದ ಶಿಕ್ಷಕರು ಬಹಳ ಜನ. ಅಕ್ಷರಕ್ಕಿಂತ ಮೊದಲು ಮಗುವಿನ ಬಾಯಲ್ಲಿ ಅದರದೇ ಆದ ಒಂದು ಪೂರ್ತಿ ವಾಕ್ಯ ಮೂಡಬೇಕೆಂದು ಪಟ್ಟು ಹಿಡಿದವರು ಕಡಿಮೆ. ಆ ಕೆಲವರಲ್ಲಿ ಒಬ್ಬರಾದ ಶ್ರೀಮತಿ ಶೈಲಜಾ ಹಂಚಿನಮನಿ ಅವರು ಈ ಮೇ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಎಂಟು ವರ್ಷ ಅವರ ಪಕ್ಕದ ತರಗತಿಯಲ್ಲಿ ಪಾಠ ಮಾಡಿದವನು ನಾನು. ನಮ್ಮಿಬ್ಬರ ತರಗತಿಗಳ ನಡುವೆ ಗೋಡೆಯಿರಲಿಲ್ಲ, ಎರಡು ಕಪಾಟುಗಳಿದ್ದವು. ಶಿಕ್ಷಕನಾಗುವ ಮೊದಲು ಬೈಲಹೊಂಗಲದ ಒಂದು ಪತ್ರಿಕೆಯಲ್ಲಿ ಸುದ್ದಿ ತಿದ್ದುತ್ತಿದ್ದ ಅಭ್ಯಾಸದಿಂದ, ಕಪಾಟಿನ ಈಚೆಗೆ ಕೇಳಿಸಿದ್ದನ್ನಷ್ಟೇ ಅವರ ಈ ಅಭಿನಂದನ ಗ್ರಂಥಕ್ಕೆ ಬರೆಯುತ್ತೇನೆ.

ಅವರು ಕೆಲಸಕ್ಕೆ ಸೇರಿದ್ದು ಕಿತ್ತೂರಿನ ಸಮೀಪದ ಒಂದು ಹಳ್ಳಿಯಲ್ಲಿ. ಕಿತ್ತೂರು ಆಗಿನ್ನೂ ಬೈಲಹೊಂಗಲ ತಾಲೂಕಿನಲ್ಲೇ ಇತ್ತು. ಶಾಲೆ ಹೆದ್ದಾರಿಗೆ ಅಂಟಿಕೊಂಡಿತ್ತು. ಮಗು ಮಾತು ಶುರು ಮಾಡುವಷ್ಟರಲ್ಲಿ ಲಾರಿ ಬರುತ್ತಿತ್ತು, ಮಾತು ಅದರ ಸದ್ದಿನಲ್ಲಿ ಕೊಚ್ಚಿಹೋಗುತ್ತಿತ್ತು. ಶೈಲಜಾ ಅವರು ಮುಂದಿನ ಮಗುವಿಗೆ ಹೋಗದೆ ನಿಂತುಬಿಡುತ್ತಿದ್ದರು. "ಲಾರಿ ಹೋತು. ಈಗ ಹೇಳಪಾ," ಎನ್ನುತ್ತಿದ್ದರಂತೆ. ಕಾಯುವುದನ್ನು ಆ ರಸ್ತೆಯೇ ತಮಗೆ ಕಲಿಸಿತೆಂದು ಅವರು ಹೇಳುತ್ತಾರೆ.

ಅಲ್ಲಿಂದ ಮುರಗೋಡದ ಕಡೆಗೆ, ಆಮೇಲೆ ಹೂಲಿಯ ದಾರಿಯಲ್ಲಿದ್ದ ನಮ್ಮ ತೋಟದ ಶಾಲೆಗೆ ಬಂದರು. ನಮ್ಮಲ್ಲಿ ಆಗ ಪಾಠವೆಂದರೆ ಒಂದು ಬಗೆಯ ಮೇಳ. "ಹಸು ಹಾಲು ಕೊ..." ಎಂದು ಗುರುಗಳು ಎಳೆದರೆ "ಡುತ್ತದೆ!" ಎಂದು ಇಡೀ ತರಗತಿ ಕೂಗುತ್ತಿತ್ತು. ಕೇಳಲು ಚೆಂದ, ನಡೆಸಲು ಸುಲಭ. ಶೈಲಜಾ ಅವರು ತಮ್ಮ ತರಗತಿಯಲ್ಲಿ ಅದನ್ನು ಬಂದ ವಾರವೇ ನಿಲ್ಲಿಸಿ, ಒಬ್ಬೊಬ್ಬರನ್ನೇ ಮಾತಾಡಿಸತೊಡಗಿದರು. ಕೂಗು ನಿಂತಾಗ ಅದರ ಕೆಳಗೆ ಅಡಗಿದ್ದ ಮೌನವೊಂದು ಹೊರಬಿತ್ತು. ಒಂದನೆಯ ತರಗತಿಯ ಪ್ರಣಿತಾ ಎಲ್ಲರ ಜೊತೆ ಬಾಯಿ ಆಡಿಸುತ್ತಿದ್ದಳೇ ಹೊರತು ಶಾಲೆಯಲ್ಲಿ ಅದುವರೆಗೆ ಒಂದು ವಾಕ್ಯವನ್ನೂ ಆಡಿರಲಿಲ್ಲ.

ಅವಳನ್ನು ಸಾಕುತ್ತಿದ್ದ ಅಜ್ಜಿ ಸೀತವ್ವ ಶಾಲೆಗೇ ಬಂದು ಜಗಳ ತೆಗೆದರು.

"ಎಲ್ಲಾರ ಕೂಡ ಬಾಯಿ ತಗೀತಿತ್ರಿ ನಮ್ಮ ಕೂಸು. ನೀವು ಬಂದು ಅದನ್ನೂ ಮುಚ್ಚಿಸಿದ್ರಿ ಅಕ್ಕೋರ!"

"ಬಾಯಿ ಆಕೀದಿತ್ತು ಆಯಿ, ಮಾತು ಮಂದೀದಿತ್ತು."

"ಮಾತ ಬರದಾಕಿಗೆ ಸಾಲಿ ಯಾಕ್ ಬೇಕ್ರಿ? ದಸರಾ ಸೂಟಿ ಮುಗಿದ ಮ್ಯಾಲ ರಾಮದುರ್ಗಕ್ಕ ಅವರತ್ತಿ ಮನಿಗೆ ಕಳಸ್ತೇನಿ. ಅಲ್ಲಿ ಅತ್ತಿ ಕೂಸನ್ನರ ಆಡಿಸ್ಕೊಂಡಿರ್ತಾಳ."

ಬೆದರಿಕೆಯಲ್ಲ, ತೀರ್ಮಾನ ಅದು. ರಾಮದುರ್ಗಕ್ಕೆ ಹೋದರೆ ಹುಡುಗಿಯ ಓದು ಅಲ್ಲಿಗೆ ಮುಗಿದಂತೆಯೇ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರುದಿನದಿಂದ ಶೈಲಜಾ ಅವರ ಮೊದಲ ಪಿರಿಯಡ್ ಬದಲಾಯಿತು. ಪಾಟಿ, ಪುಸ್ತಕ ಯಾವುದೂ ಇಲ್ಲ. ಗುಡಿಸಿ ನೀರು ಚಿಮುಕಿಸಿದ ನೆಲದ ತಂಪಿನಲ್ಲಿ, ನಿದ್ದೆ ಇನ್ನೂ ಪೂರ್ತಿ ಆರದ ಕಣ್ಣುಗಳಿಂದ ಮಕ್ಕಳು ತಾವು ಕಂಡ ಕನಸು ಹೇಳಬೇಕು. ಕಪಾಟಿನ ಆಚೆಯಿಂದ ಹಾರುವ ಎಮ್ಮೆಗಳು, ನೀರಿನೊಳಗೆ ದೀಪ ಹಚ್ಚಿಕೊಂಡು ಕೂತ ಮೀನುಗಳು, ಮುಟ್ಟಿದರೆ ಬೆಲ್ಲವಾಗುವ ಗುಡ್ಡಗಳು ಒಂದರ ಹಿಂದೊಂದು ಈಚೆಗೆ ಹರಿದು ಬರುತ್ತಿದ್ದವು. ನನ್ನ ನಾಲ್ಕನೆಯ ತರಗತಿಯ ಮಕ್ಕಳು ಲೆಕ್ಕ ಬಿಟ್ಟು ಕಿವಿಗೊಡುತ್ತಿದ್ದರು; ನಾನೂ ತಡೆಯುತ್ತಿರಲಿಲ್ಲ. ಕನಸೇ ಯಾಕೆಂದು ಒಮ್ಮೆ ಕೇಳಿದ್ದಕ್ಕೆ ಅವರು, "ಹಸು ಹಾಲು ಕೊಡೂದು ಎಲ್ಲಾರಿಗೂ ಗೊತ್ತೈತ್ರಿ ಸರ. ಒಬ್ಬರ ಕನಸನ್ನ ಇನ್ನೊಬ್ಬರು ಹೆಂಗ ಮುಗಸ್ತಾರ?" ಎಂದರು.

ಪ್ರಣಿತಾ ಕೆಲವು ದಿನ ಎದ್ದು ನಿಂತು, ಸುಮ್ಮನೆ ಕೂತಳು. ಒಂದು ಬೆಳಿಗ್ಗೆ "ಆನಿ" ಎಂದಳು. ಅಷ್ಟೇ.

"ಕಬ್ಬ ತಿಂತ್ರಿ!" ಎಂದು ಯುವರಾಜನೆಂಬ ಹುಡುಗ ಕೂಗಿದ.

"ನಿನ್ನ ಕನಸಿನ್ಯಾಗ ಬಂದಿತ್ತೇನೋ?"

"ಇಲ್ರಿ ಅಕ್ಕೋರ."

"ಹಂಗಾರ ಸುಮ್ಮ ಕುಂತ್ಕೊ. ಅದು ಆಕಿ ಆನಿ."

ಆ ಆನೆ ದಿನಕ್ಕೊಂದು ಹೆಜ್ಜೆ ಇಟ್ಟಿತು. ಸೂಟಿಗೆ ಮುಂಚೆ "ಆನಿ ನಮ್ಮ ಮನಿ" ಎನ್ನುವವರೆಗೆ ಬಂದು ನಿಂತಿತು. ಶೈಲಜಾ ಅವರು ಅದನ್ನು ಹಿಂದಿನಿಂದ ತಳ್ಳಲಿಲ್ಲ, ಮುಂದಿನಿಂದ ಎಳೆಯಲೂ ಇಲ್ಲ.

ಸೂಟಿ ಮುಗಿದ ದಿನ ಸೀತವ್ವ ಅರಿವೆಯ ಚೀಲದೊಂದಿಗೇ ಬಂದರು. ರಾಮದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. "ಕುಂತ್ರಿ ಆಯಿ, ಮೊದಲನೇ ಪಿರಿಯಡ್ ಮುಗೀಲಿ," ಎಂದರು ಶೈಲಜಾ. ನಾನು ಆ ದಿನ ಕಪಾಟಿನ ಸಂದಿಯಲ್ಲಿ ನಿಂತು ನೋಡಿದೆ. ಪ್ರಣಿತಾ ಎದ್ದಳು.

"ಆನಿ ನಮ್ಮ ಮನಿ ಮಾಳಿಗಿ ಮ್ಯಾಲ ಕುಂತು..."

ಕಾಯುವುದನ್ನು ಕಲಿತಿದ್ದ ಮಕ್ಕಳು ಸುಮ್ಮನಿದ್ದರು. ತಡೆಯಲಾಗದೇ ಹೋದದ್ದು ಸೀತವ್ವನಿಗೆ.

"ಮಾಳಿಗಿ ಮುರದು ಬಿತ್ತು!" ಎಂದರು ಬಾಗಿಲಿನಿಂದಲೇ.

ಪ್ರಣಿತಾ ತಿರುಗಿ ಅಜ್ಜಿಯನ್ನು ನೋಡಿದಳು. "ಬೀಳಲಿಲ್ಲ," ಎಂದಳು. "ಆನಿ ನಮ್ಮ ಮನಿ ಮಾಳಿಗಿ ಮ್ಯಾಲ ಕುಂತು ಆಯಿನ್ನ ಕರೀತು."

"ನನ್ನ? ಕರದು ಏನಂತು?"

"ಎಚ್ಚರಾತು."

"ಏ ಹುಚ್ಚಿ, ನನ್ನ ಕರದು ಸುಮ್ಮನ ಹೋಗ್ತೈತೇನ ಅದು?"

"ನಾಳೆ ಕೇಳಿ ಹೇಳ್ತೇನಿ."

ಸೀತವ್ವ ಚೀಲವನ್ನು ಬಗಲಿಗೇರಿಸಿ, "ಆ ಆನಿ ಏನ್ ಹೇಳ್ತೈತಿ ಅನ್ನೂದು ತಿಳಿಯೂತನಕ ಇಲ್ಲೇ ಇರ್ಲಿ ಹಂಗಾರ," ಎಂದು ಮನೆಯ ದಾರಿ ಹಿಡಿದರು.

ಆನೆ ಏನು ಹೇಳಿತೆಂಬುದರ ಬಗ್ಗೆ ನಮ್ಮ ಶಾಲೆಯಲ್ಲಿ ಹಲವು ಹೇಳಿಕೆಗಳಿವೆ; ಖಚಿತವಿಲ್ಲದ್ದರಿಂದ ಇಲ್ಲಿ ಯಾವುದನ್ನೂ ಸೇರಿಸಿಲ್ಲ. ಪ್ರಣಿತಾ ಈಗ ಬೈಲಹೊಂಗಲದಲ್ಲಿ ಪದವಿ ಓದುತ್ತಿದ್ದಾಳೆ, ಮತ್ತು ಈ ಗ್ರಂಥದ ಸಮಿತಿಯಲ್ಲಿದ್ದಾಳೆ ಎಂಬುದು ಖಚಿತ.

ಗ್ರಂಥಕ್ಕೆ ಒಪ್ಪಿಗೆ ಕೇಳಲು ನಾವು ಸವದತ್ತಿಯಲ್ಲಿರುವ ಶೈಲಜಾ ಅವರ ಮನೆಗೆ ಹೋಗಿದ್ದೆವು. ಚಹಾ ಕೊಟ್ಟು ಕೂತ ಅವರು, "ಇನ್ನ ಮ್ಯಾಲ ನಾನು..." ಎಂದು ಕಿಟಕಿಯ ಕಡೆ ನೋಡುತ್ತ ನಿಲ್ಲಿಸಿದರು.

"ವಿಶ್ರಾಂತಿ ತಗೋರಿ!" ಎಂದರು ನಮ್ಮ ಮುಖ್ಯಗುರು ಮಲ್ಲಿಕಾರ್ಜುನ.

"ನಿಮ್ಮ ಕನಸಿನ್ಯಾಗ ಬಂದಿತ್ತೇನ್ರಿ ಸರ?" ಎಂದಳು ಪ್ರಣಿತಾ. "ಹಂಗಾರ ಸುಮ್ಮ ಕುಂತ್ಕೋರಿ."

ಮುಖ್ಯಗುರುಗಳೂ ಸೇರಿ ಎಲ್ಲರೂ ನಕ್ಕೆವು. ಶೈಲಜಾ ಅವರೂ ನಕ್ಕರು, ಆದರೆ ವಾಕ್ಯ ಮುಗಿಸಲಿಲ್ಲ. ಅದು ಎತ್ತ ಹೋಗುತ್ತದೆಂದು ನಾವು ಊಹಿಸುವುದು ತರವಲ್ಲ. ದಿನಕ್ಕೊಂದು ಮಾತಿನಂತೆ ಅದನ್ನು ಬೆಳೆಸುತ್ತ ಹೋಗಲು ಅವರಿಗೆ ಆರೋಗ್ಯವಿರಲಿ, ಆಯುಷ್ಯವಿರಲಿ, ಸುತ್ತ ಕೂತು ಕೇಳುವ ಮಕ್ಕಳಿರಲಿ. ಕಾಯುವುದನ್ನು ನಮಗೆ ಕಲಿಸಿದವರೇ ಅವರು. ನಮಗೇನೂ ಅವಸರವಿಲ್ಲ.