ಯಾರೂ ಕೂರದಂಥ ಕುರ್ಚಿ

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮುನ್ನಿಬೀಯ ಕುರ್ಚಿ, ಮಂಚಗಳ ಅಂಗಡಿ. ಮರಿಲಿಂಗಮ್ಮ ಅಲ್ಲಿಗೆ ಹೋದದ್ದು ಬೆನ್ನುನೋವಿನ ದೆಸೆಯಿಂದ. ಹೈದರಾಬಾದಿನ ಕಂಪನಿಯೊಂದಕ್ಕೆ ಆಕೆ ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಿದ್ದಳು. ರೈತರು ಫೋನಿನಲ್ಲಿ ಹೇಳಿಕೊಂಡದ್ದನ್ನು ಕೇಳಿಸಿಕೊಳ್ಳುತ್ತ ಕನ್ನಡದಲ್ಲಿ ಟೈಪು ಮಾಡುವುದೇ ಆ ಕೆಲಸ. ಹತ್ತಿಗೆ ಹುಳ ಬಿದ್ದದ್ದು, ಭತ್ತ ಕೆಂಪಾದದ್ದು, ಕಾಲುವೆಯ ಕೊನೆಗೆ ನೀರು ಬಾರದ್ದು, ಎಲ್ಲವೂ ಆಕೆಯ ಬೆರಳುಗಳನ್ನು ದಾಟಿಯೇ ಹೋಗಬೇಕು. ಸಂಜೆಯಾದರೆ ಏಳುವುದಕ್ಕೆ ಗೋಡೆ ಹಿಡಿಯಬೇಕಾಗುತ್ತಿತ್ತು. ಗುಳಿಗೆ ನುಂಗಿ ಫಲವಿಲ್ಲ, ಸೊಂಟಕ್ಕೆ ಆಸರೆ ಕೊಡುವ, ಕೂತರೆ ಪಾದ ಪೂರ್ತಿ ನೆಲಕ್ಕೆ ಊರುವ ಕುರ್ಚಿ ತಗೊ ಎಂದಿದ್ದರು ಡಾಕ್ಟರು.

"ಕುಂತು ನೋಡು ಬೇಟಿ," ಎಂದಳು ಮುನ್ನಿಬೀ. "ಕುರ್ಚಿ ಅಂದ್ರ ಅಳಿಯ ಇದ್ದಂಗ. ಬರೇ ಫೋಟೋ ನೋಡಿ ತರಬಾರದು."

ಮೊದಲನೆಯದು ನಾಲ್ಕು ಕಾಲಿನದು, ಜಾಲರಿಯ ಬೆನ್ನಿನದು. ಕೂತ ಕೂಡಲೇ ಅದರ ಉಬ್ಬು ನೋವಿದ್ದ ಜಾಗಕ್ಕೇ ಬಂದು ನಿಂತಿತು. ಪಾದಗಳು ನೆಲಕ್ಕೆ ಊರಿದವು. ಮರಿಲಿಂಗಮ್ಮ ಒಂದು ಗಳಿಗೆ ಕಣ್ಣು ಮುಚ್ಚಿದಳು. ಎರಡನೆಯದು ಗಾಲಿಗಳ ಮೇಲೆ ನಿಂತ, ಗಿರ್ರನೆ ತಿರುಗುವ ಕರೀ ಕುರ್ಚಿ. ಇಳಿಸುವಷ್ಟು ಇಳಿಸಿದರೂ ಆಕೆಯ ಹಿಮ್ಮಡಿ ನೆಲ ಮುಟ್ಟಲಿಲ್ಲ.

"ಇದು ನಿನಗ ಎತ್ತರ ಆಗ್ತದ," ಎಂದಳು ಮುನ್ನಿಬೀ. "ಮನ್ಯಾಗ ಮುದುಕರಿದ್ರಂತೂ ಬ್ಯಾಡೇ ಬ್ಯಾಡ. ನಮ್ಮ ಅತ್ತಿ ಈ ಗಾಲಿ ಕಂಡ್ರ, ಒದಿಯೋ ಕುದುರಿ ಕಂಡಂಗ ದೂರ ಸರೀತಾಳ. ಸತ್ರೂ ಕುಂದ್ರಂಗಿಲ್ಲ."

ಮರಿಲಿಂಗಮ್ಮ ನಾಲ್ಕು ಕಾಲಿನದನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಹೇಳಿದಳು:

"ಗಾಲೀದೇ ಕೊಡ್ರಿ."

ಆ ಮಾತಿನ ಹಿಂದೆ ಅವರ ಮನೆಯ ಒಂದು ರಿವಾಜಿತ್ತು. ಮನೆಯಲ್ಲಿದ್ದುದರಲ್ಲಿ ಒಳ್ಳೆಯ ಕುರ್ಚಿ ಯಾವತ್ತೂ ಬಂದವರಿಗೆ. ಹಾಲಿನವಳು ಬರಲಿ, ಬುದ್ಧ ವಿಹಾರದ ಚಂದಾ ಕೇಳುವವರು ಬರಲಿ, ತಂದೆ ಹುಲಗಪ್ಪ ಒಳಕ್ಕೆ ಮುಖ ಮಾಡಿ ಕರೆಯುತ್ತಿದ್ದ: "ಮರಿಲಿಂಗಿ, ಏಳವ್ವಾ, ಮಂದಿ ಬಂದಾರ." ನೆಟ್‌ವರ್ಕ್ ಸಿಗುತ್ತಿದ್ದುದು ಪಡಸಾಲೆಯ ಕಿಟಕಿಯ ಬಳಿ ಮಾತ್ರ. ಬಂದವರು ಕೂರುತ್ತಿದ್ದುದೂ ಅಲ್ಲೇ. ಆಕೆ ಲ್ಯಾಪ್‌ಟಾಪು ಎತ್ತಿಕೊಂಡು ಮೂಲೆಯ ಜೋಳದ ಚೀಲದ ಮುಂದೆ ಚಕ್ಕಳಮಕ್ಕಳ ಹಾಕುತ್ತಿದ್ದಳು. ಇನ್ನೊಂದು ಕುರ್ಚಿ ತಂದರೂ ಪ್ರಯೋಜನವಿರಲಿಲ್ಲ. ಚಲೋದರಲ್ಲಿ ತಾನು ಕೂತು ಬಂದವರಿಗೆ ಪ್ಲಾಸ್ಟಿಕ್ಕಿನದು ನೂಕುವುದು ಹುಲಗಪ್ಪನ ಲೆಕ್ಕದಲ್ಲಿ ಬಾಗಿಲು ಹಾಕಿಕೊಂಡಂತೆಯೇ.

ಈ ರಿವಾಜು ಎಲ್ಲಿಂದ ಬಂತೆಂದು ಆತ ಹೇಳಿರಲಿಲ್ಲ, ಆದರೆ ಮಗಳು ಕಣ್ಣಾರೆ ಕಂಡಿದ್ದಳು. ಹುಲಗಪ್ಪನದು ಕಾಲುವೆಯ ತೂಬಿನ ಗೇಟು ಏರಿಸಿ ಇಳಿಸುವ ಕೆಲಸ. ನೀರಿನ ಪಾಳಿ ಮಾತಾಡಲು ದೊಡ್ಡ ಹೊಲದವರು ಆತನನ್ನು ಅಂಗಳಕ್ಕೆ ಕರೆಸುತ್ತಿದ್ದರು. ಒಮ್ಮೆ ಬುತ್ತಿ ಕೊಡಲು ಅಲ್ಲಿಗೇ ಹೋದ ಸಣ್ಣ ಮರಿಲಿಂಗಿ ಬೇವಿನ ನೆರಳಲ್ಲಿ ಸಾಲಾಗಿ ಹಾಕಿದ್ದ ಖಾಲಿ ಕುರ್ಚಿಗಳನ್ನು ಕಂಡಳು. ಅಪ್ಪ ಅವುಗಳ ಹಿಂದೆ, ಬಿಸಿಲಲ್ಲಿ, ಟವೆಲ್ಲು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಅವರ ಬೆಳೆಗೆ ನೀರು ಬಿಡುವವನೇ ಆತ. ಕುಂದ್ರು ಅಂದವರು ಯಾರೂ ಇರಲಿಲ್ಲ. ಆ ಸುಗ್ಗಿ ಕಳೆದ ಮೇಲೆ ಹುಲಗಪ್ಪ ಬಸ್ಸಿನ ಟಾಪಿನ ಮೇಲೆ ಒಂದು ಕಬ್ಬಿಣದ ಮಡಚುವ ಕುರ್ಚಿ ಹಾಕಿಕೊಂಡು ಮನೆಗೆ ಬಂದಿದ್ದ. ತಾನು ಮಾತ್ರ ಅದರಲ್ಲಿ ಕೂತದ್ದು ಕಡಿಮೆ.

ಇಷ್ಟೆಲ್ಲ ಗೊತ್ತಿದ್ದೂ ಮರಿಲಿಂಗಮ್ಮ ಯಾರೂ ಕೂರದಂಥ ಕುರ್ಚಿಯನ್ನೇ ಹುಡುಕಿ ತಂದಿದ್ದಳು.

ಅಂದುಕೊಂಡಂತೆಯೇ ಆಯಿತು. ಹಾಲಿನ ಹಣಮಮ್ಮ ಕುರ್ಚಿಯನ್ನು ಒಮ್ಮೆ ಮುಟ್ಟಿದಳು, ಅದು ಸರ್ರನೆ ಸರಿಯಿತು. "ಯವ್ವಾ! ಇದೇನು ಕುರ್ಚ್ಯೋ ಕರುವೋ? ಹಗ್ಗ ಹಾಕಿ ಕಟ್ಟವ್ವಾ, ಓಡಿ ಹೋದೀತು," ಎಂದು ನಕ್ಕು ಹೊಸ್ತಿಲ ಮೇಲೇ ಕೂತಳು. ಉಳಿದವರೂ ಹಾಗೆಯೇ. ಹುಲಗಪ್ಪ ಪ್ರತಿ ಸಲವೂ ಸಂಕೋಚದಿಂದ ಪ್ಲಾಸ್ಟಿಕ್ ಕುರ್ಚಿ ಎಳೆದು, "ಅದಕ್ಕ ಗಾಲಿ ಅದಾವ್ರಿ, ಅದಕ್ಕೇ…" ಎನ್ನುತ್ತಿದ್ದ. ಮಗಳ ಕೆಲಸ ಸಾಗಿತು. ಬೆನ್ನಿನ ನೋವು ಮಾತ್ರ ಎಳ್ಳಷ್ಟೂ ಇಳಿಯಲಿಲ್ಲ. ಹಿಮ್ಮಡಿ ಗಾಳಿಯಲ್ಲೇ ಇತ್ತಲ್ಲ.

ಹೀಗಿರುವಾಗ ಶಿರವಾಳದಿಂದ ಬಾಲಮ್ಮ ಬಂದಳು. ಆಕೆ ಹುಲಗಪ್ಪನ ಅಕ್ಕ. ಕಾಲುವೆ ನೀರು ಬಂದಾಗಿನಿಂದ ಕಂಡವರ ಗದ್ದೆಗಳಲ್ಲಿ ಭತ್ತದ ಸಸಿ ನಾಟಿ ಮಾಡಿ ನಡು ಬಾಗಿಹೋಗಿತ್ತು.

"ಏಳವ್ವಾ," ಎಂದ ಹುಲಗಪ್ಪ.

"ಅಪ್ಪಾ, ಅತ್ತೀಗೆ ಇದು ಆಗಂಗಿಲ್ಲ…"

"ಅಕ್ಕ ಬಂದಾಳ, ಏಳು."

ಬಾಲಮ್ಮ ಬೇಡ ಅನ್ನಲಿಲ್ಲ. ತಮ್ಮ ಕೊಟ್ಟ ಮರ್ಯಾದೆ ಅದು. ಸೀರೆಯ ಸೆರಗು ಬಿಗಿದು, ಎರಡೂ ಕೈಯಿಂದ ತೋಳು ಹಿಡಿದು, ತುದಿಯಲ್ಲಿ ಕೂತಳು. ಕುರ್ಚಿ ಅರ್ಧ ಸುತ್ತು ತಿರುಗಿತು. "ಎಪ್ಪಾ ಎಪ್ಪಾ!" ಎಂದು ಕೂಗಿದಳು, ಆಮೇಲೆ ತಾನೇ ನಕ್ಕಳು: "ಈ ವಯಸ್ಸಿನ್ಯಾಗ ತೊಟ್ಲಾಗ ಕುಂದ್ರಸೀರಲ್ಲೋ!" ಕಾಲುಗಳು ನೇತಾಡುತ್ತಿದ್ದವು. ಬೆನ್ನು ಹಿಂದಕ್ಕೆ ಒರಗಿಸುವ ಧೈರ್ಯವಾಗಲಿಲ್ಲ.

ಮರಿಲಿಂಗಮ್ಮ ಚಹಾ ತಂದು ನೋಡಿದರೆ, ಹುಲಗಪ್ಪ ಕುರ್ಚಿಯ ಹಿಂದೆ ನಿಂತು ಅದರ ಬೆನ್ನನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿದ್ದ. ಅಕ್ಕ ಚಹಾ ಕುಡಿದು, ಮಳೆಯ ಮಾತು, ಮೊಮ್ಮಗಳ ಮದುವೆಯ ಮಾತು ಮುಗಿಸುವವರೆಗೂ ಕೈ ಬಿಡಲಿಲ್ಲ. ಟವೆಲ್ಲು ಕಂಕುಳಲ್ಲಿತ್ತು. ಆ ನಿಲುವು ಮಗಳಿಗೆ ಗುರುತು ಸಿಕ್ಕಿತು. ಆಕೆ ಚಹಾದ ಬಸಿಯನ್ನು ನೆಲಕ್ಕಿಟ್ಟು ಒಳಗೆ ಹೋದಳು, ಮತ್ತೆ ಹೊರಗೆ ಬರಲು ಮುಖವಿರಲಿಲ್ಲ.

"ಚಲೋ ಕುರ್ಚಿ ತಂದೀಯವ್ವಾ," ಎಂದಳು ಬಾಲಮ್ಮ ಹೊರಡುವಾಗ, ಒಳಕ್ಕೆ ಮುಖ ಮಾಡಿ. ಮನಸಾರೆಯೇ ಹೇಳಿದಳು.

ಬಸ್ಸು ಹತ್ತಿಸಿ ಬಂದ ಹುಲಗಪ್ಪ ಕೇಳಿದ: "ಆ ಅಂಗಡ್ಯಾಗ ಗಾಲಿ ಇಲ್ಲದ್ದು ಇರಲಿಲ್ಲೇನವ್ವಾ?"

"ಇರಲಿಲ್ಲಪ್ಪ."

ಬಾಯಿಂದ ಹೊರಟದ್ದು ತಿರುಗಿ ಬರುವಂತಿರಲಿಲ್ಲ. ಮರುದಿನ ಮರಿಲಿಂಗಮ್ಮ ತಾನೇ ಆಟೋ ಕರೆಸಿದಳು. ಬದಲಾಯಿಸಿಕೊಂಡು ಬರುತ್ತೇನೆ ಎಂದಳು. ನಾನೂ ಬರ್ತೀನಿ, ಒಬ್ಬಾಕಿ ಹೆಂಗ ಇಳಸ್ತೀ, ಎಂದು ಹುಲಗಪ್ಪ ಹತ್ತಿದ. ಬೇಡ ಎನ್ನಲು ಆಕೆಗೆ ನೆಪ ಸಿಗಲಿಲ್ಲ.

ಮುನ್ನಿಬೀ ಕುರ್ಚಿಯನ್ನು ಸುತ್ತಲೂ ನೋಡಿ ಒಳಗೆ ತಳ್ಳಿಸಿದಳು. "ನಾ ಅವತ್ತೇ ಹೇಳಿದ್ದೆ ಬೇಟಿ. ನಾಲ್ಕು ಕಾಲಿಂದು ನಿನಗ ಅಳತಿ ಕೊಟ್ಟು ಮಾಡಿಸಿದಂಗ ಇತ್ತು, ಇದೇ ಬೇಕು ಅಂತ ಹಟ ಹಿಡಿದಿ. ನೋಡ್ರಿ ಅಣ್ಣಾ, ಇನ್ನೂ ಅಲ್ಲೇ ಅದ."

ಹುಲಗಪ್ಪ ಆ ಕುರ್ಚಿಯನ್ನು ನೋಡಿದ. ಮಗಳನ್ನು ನೋಡಲಿಲ್ಲ. ಮುನ್ನಿಬೀ ಅತ್ತ ಗಿರಾಕಿಗಳ ಕಡೆ ಹೋದಳು.

"ನೀ ಕುಂತು ನೋಡಪ್ಪ," ಎಂದಳು ಮರಿಲಿಂಗಮ್ಮ.

"ಬೆನ್ನು ನಿಂದು. ನೀ ಕುಂದ್ರು."

ಕೂತಳು. ಉಬ್ಬು ಅದೇ ಜಾಗಕ್ಕೆ ಬಂದು ನಿಂತಿತು, ಪಾದಗಳು ಊರಿದವು. ಆಕೆ ತಲೆ ತಗ್ಗಿಸಿ ಆ ಪಾದಗಳನ್ನೇ ನೋಡುತ್ತಿದ್ದಳು. ಹುಲಗಪ್ಪ ಹಿಂದೆ ಬಂದು, ನಿನ್ನೆಯಂತೆಯೇ, ಕುರ್ಚಿಯ ಬೆನ್ನು ಹಿಡಿದುಕೊಂಡ. ಕುರ್ಚಿ ಅಲುಗಲಿಲ್ಲ. ಇದಕ್ಕೆ ಗಾಲಿಯಿಲ್ಲ, ಹಿಡಿಯಬೇಕಾಗಿಲ್ಲ ಎಂದು ತಿಳಿಯಲು ಆತನಿಗೆ ತುಸು ಹೊತ್ತು ಹಿಡಿಯಿತು. ಆಮೇಲೆ ಕೈ ತೆಗೆದ.